ಬಯಲುಸೀಮೆಯ ತಾರಸಿಗೆ ಸೋಲಾರ್: ಲಾಭ ಯಾರಿಗೆ, ಬ್ಯಾಟರಿ ಯಾರಿಗೆ?

ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯು ತಾರಸಿಯ ಮೇಲೆ ಫಲಕ ಹಾಕಿಸಿದವರಿಗೆ ತಿಂಗಳಿಗೆ 300 ಯೂನಿಟ್‌ವರೆಗೆ ವಿದ್ಯುತ್ ಉಚಿತ ಎನ್ನುತ್ತದೆ. ರಾಜ್ಯ ಸರ್ಕಾರದ ಗೃಹಜ್ಯೋತಿಯು ಏನನ್ನೂ ಹಾಕಿಸದವರಿಗೂ 200 ಯೂನಿಟ್‌ವರೆಗೆ ಬಿಲ್ಲಿನ ಚಿಂತೆಯಿಲ್ಲ ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಧನಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದ ಮೇಲೆ, ‘ಈಗಲೇ ಹಾಕಿಸಿಬಿಡಿ, ಬ್ಯಾಟರಿಯನ್ನೂ ಸೇರಿಸಿ’ ಎಂಬ ಒತ್ತಾಯವೂ ಇದರ ಜೊತೆಗೆ ಸೇರಿಕೊಂಡಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಬಿಸಿಲ ಜಿಲ್ಲೆಗಳಲ್ಲಿ ಸೋಲಾರ್ ಲಾಭದಾಯಕವಾಗಿಯೇ ಇರಬೇಕೆಂದು ಬಹಳ ಜನ ಭಾವಿಸುತ್ತಾರೆ. ಆದರೆ ಈ ವ್ಯವಹಾರದಲ್ಲಿ ಲಾಭ ನಷ್ಟವನ್ನು ನಿರ್ಧರಿಸುವುದು ಆಕಾಶದ ಬಿಸಿಲಿಗಿಂತ ಹೆಚ್ಚಾಗಿ ಕೈಯಲ್ಲಿರುವ, ಈ ಜಿಲ್ಲೆಗಳ ವಿದ್ಯುತ್ ವಿತರಣಾ ಕಂಪನಿಯಾದ ಬೆಸ್ಕಾಂನ ಬಿಲ್ಲು. ಬ್ಯಾಟರಿ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಮನೆ ಯಾವ ಫೀಡರಿನ (ಉಪಕೇಂದ್ರದಿಂದ ಹೊರಡುವ ವಿದ್ಯುತ್ ಮಾರ್ಗದ) ಮೇಲಿದೆ ಎಂಬ ಸಂಗತಿ.

ಎರಡು ‘ಉಚಿತ’ಗಳು

ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಆರಂಭವಾಯಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಗಳ ವೆಚ್ಚ, 2026-27ರವರೆಗಿನ ಅವಧಿ ಇದರ ಚೌಕಟ್ಟು. ಒಂದು ಕಿಲೋವ್ಯಾಟ್ ಫಲಕಕ್ಕೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ದೊರೆಯುತ್ತದೆ. ಐದು ಕಿಲೋವ್ಯಾಟ್ ಹಾಕಿಸಿದರೂ ಸಹಾಯಧನ 78,000ವನ್ನು ದಾಟುವುದಿಲ್ಲ. ಬ್ಯಾಟರಿಗೆ ಪ್ರತ್ಯೇಕ ಸಹಾಯಧನವಿಲ್ಲ. ಇಲ್ಲಿ ‘ಉಚಿತ’ ಎಂದರೆ, ಮನೆಯವರು ತಮ್ಮ ಹಣ ಹಾಕಿ ಕೊಂಡ ಫಲಕದಿಂದ ಬರುವ ವಿದ್ಯುತ್ತು ಎಂದಷ್ಟೇ ಅರ್ಥ.

ಗೃಹಜ್ಯೋತಿಯ ‘ಉಚಿತ’ ಬೇರೆ ಬಗೆಯದು. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ 200 ಯೂನಿಟ್ ಸಿಗುತ್ತದೆ ಎಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಒಂದು ಮನೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಸಾಮಾನ್ಯವಾಗಿ ಶೇ 10 ಸೇರಿಸಿದರೆ ಬರುವುದೇ ಆ ಮನೆಯ ಅರ್ಹ ಪ್ರಮಾಣ. ಅದನ್ನು ಮೀರಿ 200ರೊಳಗಿದ್ದರೆ ಮೀರಿದ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200ನ್ನು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆ ವರ್ಷದ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಶೇ 10 ಸೇರಿಸಿ 58 ಯೂನಿಟ್ ಮಾತ್ರ ಕೊಡಲಾಗಿದೆ. ಸೋಲಾರ್ ಲೆಕ್ಕದಲ್ಲಿ ಈ 58ರ ಅಂಕಿ ಎಷ್ಟು ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ಬಿಸಿಲು ಏರಿದರೆ ವಿದ್ಯುತ್ತೂ ಏರುತ್ತದೆಯೇ?

ಈ ಜಿಲ್ಲೆಗಳ ಬಿಸಿಲಿನ ಶಕ್ತಿಯ ಬಗ್ಗೆ ಸಂಶಯಪಡಲು ಕಾರಣವಿಲ್ಲ. ರಾಜ್ಯದ ಮೊದಲ ದೊಡ್ಡ ಸೋಲಾರ್ ಘಟಕಗಳಲ್ಲಿ ಒಂದಾದ ಮೂರು ಮೆಗಾವ್ಯಾಟ್ ಸ್ಥಾವರವನ್ನು ಕರ್ನಾಟಕ ವಿದ್ಯುತ್ ನಿಗಮ (ಕೆಪಿಸಿ) ಸ್ಥಾಪಿಸಿದ್ದು ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಹರಡಿಕೊಂಡಿದೆ. ಮಳೆ ಕೈಕೊಟ್ಟ ಹೊಲಗಳನ್ನು ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಆರಂಭಿಕ ದರಕ್ಕೆ ಗುತ್ತಿಗೆ ಪಡೆದದ್ದು ಈ ಬಿಸಿಲನ್ನು ನಂಬಿಯೇ.

ಆದರೂ ಮರಳುಗಾಡಿನ ಹಾಗೆ ಸುಡುವ ಜಾಗದಲ್ಲಿ ಫಲಕ ಹೆಚ್ಚು ಉತ್ಪಾದಿಸುತ್ತದೆ ಎಂಬುದು ಅರ್ಧ ಸತ್ಯ. ಫಲಕಕ್ಕೆ ಬೇಕಾದದ್ದು ಬೆಳಕು. ಶಾಖ ಅದಕ್ಕೆ ಶತ್ರು. ಫಲಕದ ಮೇಲೆ ಬರೆದಿರುವ ಸಾಮರ್ಥ್ಯವನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಅಳೆದಿರುತ್ತಾರೆ. ಅಲ್ಲಿಂದ ಮೇಲೆ ಏರುವ ಪ್ರತಿ ಡಿಗ್ರಿಗೆ ಉತ್ಪಾದನೆ ಸಾಮಾನ್ಯವಾಗಿ ಶೇ 0.3ರಿಂದ 0.4ರಷ್ಟು ಕುಗ್ಗುತ್ತದೆ. ನಡು ಮಧ್ಯಾಹ್ನ ಫಲಕದ ಮೈ ಸುತ್ತಲಿನ ಗಾಳಿಗಿಂತ 25 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿರುವುದರಿಂದ, 35 ಡಿಗ್ರಿಯ ದಿನ ಅದು 60 ಡಿಗ್ರಿ ಮುಟ್ಟಿ ಸುಮಾರು ಶೇ 12ರಷ್ಟು ಉತ್ಪಾದನೆಯನ್ನು ಕಳೆದುಕೊಳ್ಳುತ್ತದೆ. ಗಾಳಿಯೇ 46 ಡಿಗ್ರಿ ಇರುವ ಥಾರ್ ಮರುಭೂಮಿಯಲ್ಲಿ ಈ ನಷ್ಟ ಶೇ 16ರ ಸಮೀಪಕ್ಕೆ ಹೋಗುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ನಗರಗಳಿಗೆ ಈ ವಿಷಯದಲ್ಲಿ ಅನುಕೂಲವಿದೆ: ಬೆಳಕು ಮರುಭೂಮಿಗಿಂತ ತುಸು ಕಡಿಮೆ, ಶಾಖ ಸಾಕಷ್ಟು ಕಡಿಮೆ. ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ವರ್ಷಕ್ಕೆ 1,400 ಯೂನಿಟ್ ಎಂದು ಹಿಡಿದು ಲೆಕ್ಕ ಹಾಕುವುದು ಇಲ್ಲಿ ಸುರಕ್ಷಿತ. ಜುಲೈ, ಆಗಸ್ಟ್‌ನಲ್ಲಿ ಮಳೆ ಬೀಳದಿದ್ದರೂ ಮುಂಗಾರಿನ ಮೋಡ ಕವಿದಿರುವ ಕಾರಣ ಉತ್ಪಾದನೆ ಇಳಿಯುತ್ತದೆ. ಮಾರ್ಚ್‌ನ ಅಂಕಿಯನ್ನು ಹನ್ನೆರಡರಿಂದ ಗುಣಿಸಿ ತೋರಿಸುವವರ ಮಾತನ್ನು ನಂಬಬಾರದು.

ದೂಳು, ಗಡಸು ನೀರು, ತೆಂಗಿನ ನೆರಳು

ಬಯಲುಸೀಮೆಯಲ್ಲಿ ಬಿಸಿಲು ಅತಿ ಹೆಚ್ಚಿರುವ ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿಯೇ ಫಲಕ ತೊಳೆಯುವ ಮಳೆ ಬಹಳ ಕಡಿಮೆ. ಕಲ್ಲುಕ್ವಾರಿ, ಕ್ರಷರ್‌ಗಳ ಸುತ್ತಲಿನ ಊರುಗಳಲ್ಲಿ ದೂಳು ಇನ್ನೂ ಬೇಗ ಕೂರುತ್ತದೆ. ಅದನ್ನು ತೊಳೆಯಲು ಕೊಳವೆಬಾವಿಯ ನೀರನ್ನೇ ಬಳಸಿದರೆ ಇನ್ನೊಂದು ಸಮಸ್ಯೆ: ಈ ಭಾಗದ ಗಡಸು ನೀರು ಬಿಸಿ ಗಾಜಿನ ಮೇಲೆ ಒಣಗಿದಾಗ ಬಿಳಿಯ ಪದರ ಉಳಿದು, ಸೋಲಾರ್ ವಾಟರ್ ಹೀಟರಿನ ಕೊಳವೆಗಳಲ್ಲಿ ಕಟ್ಟಿಕೊಳ್ಳುವ ಹಾಗೆಯೇ ಕ್ರಮೇಣ ಗಟ್ಟಿಯಾಗುತ್ತದೆ. ಮುಂಜಾನೆ, ಗಾಜು ತಣ್ಣಗಿರುವಾಗ, ಸಂಗ್ರಹಿಸಿದ ಮಳೆನೀರಿನಿಂದಲೋ ಶುದ್ಧೀಕರಿಸಿದ ನೀರಿನಿಂದಲೋ ಒದ್ದೆ ಬಟ್ಟೆಯಲ್ಲಿ ಒರೆಸುವುದು ಸರಿಯಾದ ಕ್ರಮ. ನೀರಿಗೇ ಟ್ಯಾಂಕರ್ ತರಿಸುವ ಬಡಾವಣೆಗಳಲ್ಲಿ ಈ ಕೆಲಸಕ್ಕೂ ಒಂದು ಬೆಲೆಯಿದೆ.

ತಿಪಟೂರು, ಗುಬ್ಬಿ, ತುರುವೇಕೆರೆಯ ಕಡೆ ಸಮಸ್ಯೆ ಬೇರೆ. ಫಲಕದೊಳಗಿನ ಕೋಶಗಳು ಸರಣಿಯಾಗಿ ಜೋಡಣೆಯಾಗಿರುವುದರಿಂದ, ಒಂದೆರಡು ಕೋಶಗಳ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಆ ಸಾಲಿನ ಉಳಿದ ಕೋಶಗಳ ಉತ್ಪಾದನೆ ಕುಸಿಯುತ್ತದೆ. ನೆರಳು ಫಲಕದ ಹತ್ತನೆಯ ಒಂದು ಭಾಗವನ್ನು ಮಾತ್ರ ಮುಚ್ಚಿದ್ದರೂ ನಷ್ಟ ಅದಕ್ಕಿಂತ ಹೆಚ್ಚಾಗಿರಬಹುದು. ಮರ ಕಡಿಯಲು ಮನಸ್ಸಿಲ್ಲದವರು (ಫಲ ಬಿಡುವ ತೆಂಗನ್ನು ಯಾರೂ ಕಡಿಯುವುದಿಲ್ಲ, ಕಡಿಯಬಾರದು ಕೂಡ) ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ತಾರಸಿಯ ಯಾವ ಭಾಗದಲ್ಲಿ ನೆರಳಿಲ್ಲವೋ ಅಲ್ಲಿಗೆ ಸೀಮಿತವಾಗಿ ಫಲಕ ಹಾಕಿಸುವುದು ಒಳ್ಳೆಯದು.

ಮೂರು ಮನೆಗಳ ಲೆಕ್ಕ

ಫಲಕ ಉಳಿಸಿಕೊಡುವ ಹಣ ಎಂದರೆ, ಅದಿಲ್ಲದಿದ್ದರೆ ಬೆಸ್ಕಾಂಗೆ ಕಟ್ಟಬೇಕಾಗಿದ್ದ ಹಣ. 2025-26ನೇ ಸಾಲಿಗೆ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇ 9 ತೆರಿಗೆ, ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರ್ಯಾಚುಟಿ ಬಾಬ್ತು 36 ಪೈಸೆ ಸೇರಿದರೆ ಸುಮಾರು 6 ರೂಪಾಯಿ 70 ಪೈಸೆಯಾಗುತ್ತದೆ. ಇದರ ಹೊರತಾಗಿ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ ಅದೇ ಸಾಲಿಗೆ ತಿಂಗಳಿಗೆ 145 ರೂಪಾಯಿಯ ನಿಗದಿತ ಶುಲ್ಕವಿದೆ. ಫಲಕ ಹಾಕಿಸಿದರೂ ಅದು ತಪ್ಪುವುದಿಲ್ಲ. ಫಲಕದ ಸಾಮರ್ಥ್ಯಕ್ಕೆ ತಕ್ಕಂತೆ ಲೋಡನ್ನು ಒಂದು ಕಿಲೋವ್ಯಾಟಿನಿಂದ ಮೂರಕ್ಕೆ ಏರಿಸಬೇಕಾಗಿ ಬಂದರೆ ವರ್ಷಕ್ಕೆ 3,480 ರೂಪಾಯಿ ಹೆಚ್ಚುವರಿಯಾಗಿ ಹೋಗುತ್ತದೆ. ಕೊಟೇಶನ್‌ಗಳಲ್ಲಿ ಈ ಸಾಲು ಸಾಮಾನ್ಯವಾಗಿ ಕಾಣುವುದಿಲ್ಲ.

ಮೊದಲನೆಯದು ತಿಂಗಳಿಗೆ 350 ಯೂನಿಟ್ ಬಳಸುವ, ಗೃಹಜ್ಯೋತಿಯ ಹೊರಗಿರುವ ಮನೆ. ಮೂರು ಕಿಲೋವ್ಯಾಟ್ ವ್ಯವಸ್ಥೆಗೆ 1,90,000 ರೂಪಾಯಿ ಎಂದು ಹಿಡಿದರೆ, ಸಹಾಯಧನ ಕಳೆದು ಕೈಯಿಂದ ಬೀಳುವುದು 1,12,000. ವರ್ಷದ ಉತ್ಪಾದನೆ 4,200 ಯೂನಿಟ್. ತಿಂಗಳುಗಳ ಏರಿಳಿತ, ತೊಳೆಯುವ ಖರ್ಚು ಇವೆಲ್ಲವನ್ನು ಕಳೆದರೂ 26,000 ರೂಪಾಯಿ ಉಳಿಯುತ್ತದೆ. ನಾಲ್ಕೂವರೆ ವರ್ಷಕ್ಕೆ ಹಾಕಿದ ಹಣ ಮರಳಿ ಬರುತ್ತದೆ. ಫಲಕದ ಉತ್ಪಾದನಾ ವಾರಂಟಿ ಸಾಮಾನ್ಯವಾಗಿ 25 ವರ್ಷವಿರುವುದರಿಂದ, ನಡುವೆ ಒಮ್ಮೆ ಇನ್ವರ್ಟರ್ (ಫಲಕದ ವಿದ್ಯುತ್ತನ್ನು ಮನೆಯ ಬಳಕೆಗೆ ತಕ್ಕಂತೆ ಬದಲಿಸುವ ಯಂತ್ರ) ಬದಲಿಸಿದರೂ ಇದು ಒಳ್ಳೆಯ ಹೂಡಿಕೆ.

ಎರಡನೆಯದು ತಿಂಗಳಿಗೆ 150 ಯೂನಿಟ್ ಬಳಸುವ, ಅರ್ಹ ಪ್ರಮಾಣದೊಳಗೇ ಇರುವ ಮನೆ. ಇದರ ಬಿಲ್ಲು ಈಗಾಗಲೇ ಸೊನ್ನೆ. ಅದೇ ಮೂರು ಕಿಲೋವ್ಯಾಟ್ ಹಾಕಿಸಿದರೆ ಸ್ವಂತ ಬಳಕೆ ಕಳೆದು ತಿಂಗಳಿಗೆ 200 ಯೂನಿಟ್ ಗ್ರಿಡ್‌ಗೆ ಹೋಗುತ್ತದೆ. ಹೀಗೆ ಉಳಿದ ವಿದ್ಯುತ್ತಿಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ನಿಗದಿಪಡಿಸುವ ದರ, ಬೆಸ್ಕಾಂ ಮಾರುವ ದರಕ್ಕಿಂತ ಬಹಳ ಕಡಿಮೆ. ಸಹಾಯಧನ ಪಡೆದವರಿಗೆ ಇನ್ನೂ ಕಡಿಮೆ. ಎರಡೂವರೆ ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 6,000 ರೂಪಾಯಿ ಬರುತ್ತದೆ. ಅದೇ 1,12,000ವನ್ನು ಶೇ 6.5ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ 7,280 ರೂಪಾಯಿ ಬರುತ್ತದೆ, ಅಸಲೂ ಉಳಿಯುತ್ತದೆ. ಗೃಹಜ್ಯೋತಿ ಇರುವವರೆಗೆ ಈ ಮನೆಗೆ ಫಲಕ ನಷ್ಟದ ಬಾಬು. ಗೃಹಜ್ಯೋತಿ ಮುಂದೊಂದು ದಿನ ನಿಲ್ಲಬಹುದೆಂಬ ಭಯದಿಂದ ಹಾಕಿಸುವವರು, ಆ ದಿನ ಬಂದಾಗ ಫಲಕದ ಬೆಲೆ ಇಂದಿಗಿಂತ ಕಡಿಮೆಯಿರುವ ಸಾಧ್ಯತೆಯನ್ನೂ, ಸಹಾಯಧನ ಇಲ್ಲದಿರುವ ಸಾಧ್ಯತೆಯನ್ನೂ ಒಟ್ಟಿಗೆ ತೂಗಬೇಕಾಗುತ್ತದೆ.

ಮೂರನೆಯದು ಹೊಸ ಬಡಾವಣೆಯಲ್ಲಿ ಕಟ್ಟಿದ, 58 ಯೂನಿಟ್‌ನ ಅರ್ಹತೆ ಮಾತ್ರವಿರುವ, 180 ಯೂನಿಟ್ ಬಳಸುವ ಮನೆ. ಇದು ತಿಂಗಳಿಗೆ 122 ಯೂನಿಟ್‌ಗೆ ಹಣ ಕಟ್ಟುತ್ತಿದೆ. ಎರಡು ಕಿಲೋವ್ಯಾಟ್‌ಗೆ ಸಹಾಯಧನ ಕಳೆದು 75,000 ರೂಪಾಯಿ ಖರ್ಚಾದರೆ, ಉಳಿತಾಯ ಮತ್ತು ಹೆಚ್ಚುವರಿ ವಿದ್ಯುತ್ತಿನ ಹಣ ಸೇರಿ ವರ್ಷಕ್ಕೆ 11,000 ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ಹಣ ಮರಳಲು ಆರೂವರೆಯಿಂದ ಏಳು ವರ್ಷ ಬೇಕು. ಲಾಭವಿದೆ, ಆದರೆ ಅವಸರಪಡುವಷ್ಟಲ್ಲ. ಇಂಥ ಮನೆಯವರು ನೆಟ್ ಮೀಟರ್ (ಬೆಸ್ಕಾಂನಿಂದ ಪಡೆದ ಮತ್ತು ಅದಕ್ಕೆ ಕೊಟ್ಟ ಯೂನಿಟ್ ಎರಡನ್ನೂ ಅಳೆಯುವ ಮೀಟರ್) ಬಂದ ಮೇಲೆ ತಮ್ಮ ಆರ್‌ಆರ್ ಸಂಖ್ಯೆಗೆ ಗೃಹಜ್ಯೋತಿಯ ಲೆಕ್ಕ ಹೇಗೆ ಹಿಡಿಯಲಾಗುತ್ತದೆ ಎಂಬುದನ್ನು ಉಪವಿಭಾಗ ಕಚೇರಿಯಿಂದ ಬರಹದಲ್ಲಿ ಪಡೆದುಕೊಂಡು ಮುಂದುವರಿಯಬೇಕು.

ಇವೆಲ್ಲದರ ನಡುವೆ ಮರೆತುಹೋಗುವ ಇನ್ನೊಂದು ಗುಂಪಿದೆ: 210, 220 ಯೂನಿಟ್ ಬಳಸಿ, 200ರ ಗಡಿಯನ್ನು ಸ್ವಲ್ಪದರಲ್ಲಿ ದಾಟಿ ಪೂರ್ತಿ ಬಿಲ್ಲು ಕಟ್ಟುವವರು. ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್ ತಿನ್ನುತ್ತದೆ. ಅದರ ಬದಲು ಸೋಲಾರ್ ವಾಟರ್ ಹೀಟರ್ ಹಾಕಿಸಿದರೆ, ಅಥವಾ 75 ವ್ಯಾಟ್‌ನ ಹಳೆಯ ಫ್ಯಾನುಗಳನ್ನು 30 ವ್ಯಾಟ್ ಆಸುಪಾಸಿನ ಹೊಸ ಫ್ಯಾನುಗಳಿಗೆ ಬದಲಿಸಿದರೆ, ಮನೆ ಮತ್ತೆ 200ರೊಳಕ್ಕೆ ಬರುತ್ತದೆ. ಇವರಿಗೆ ಫಲಕಕ್ಕಿಂತ ಇದು ಅಗ್ಗದ ದಾರಿ.

ಕರೆಂಟ್ ಹೋದಾಗ ಫಲಕವೂ ನಿಲ್ಲುವುದೇಕೆ?

ಫಲಕ ಹಾಕಿಸಿದ ಮೇಲೆ ಬಹಳ ಜನರಿಗೆ ಆಗುವ ನಿರಾಸೆ ಇದು. ಸಹಾಯಧನದಡಿ ಹಾಕುವ ಸಾಮಾನ್ಯ ವ್ಯವಸ್ಥೆ ಗ್ರಿಡ್‌ಗೆ ಜೋಡಣೆಯಾದದ್ದು. ಬೆಸ್ಕಾಂ ಪೂರೈಕೆ ನಿಂತ ಕ್ಷಣವೇ ಅದರ ಇನ್ವರ್ಟರ್ ತಾನಾಗಿ ಆಫ್ ಆಗುತ್ತದೆ. ಮಾರ್ಗದ ದುರಸ್ತಿಗಾಗಿ ಲೈನ್‌ಮನ್ ಕಂಬ ಹತ್ತಿರುವಾಗ ಮನೆಯ ತಾರಸಿಯಿಂದ ತಂತಿಗೆ ವಿದ್ಯುತ್ ಹರಿದರೆ ಜೀವ ಹೋಗುತ್ತದೆ. ಅದನ್ನು ತಡೆಯಲೆಂದೇ ಈ ಏರ್ಪಾಡು. ಹಾಗಾಗಿ ಮಧ್ಯಾಹ್ನ ಹನ್ನೆರಡರ ಸುಡುಬಿಸಿಲಿನಲ್ಲಿ ಕರೆಂಟ್ ಹೋದರೂ ಮನೆಯ ಫ್ಯಾನ್ ತಿರುಗುವುದಿಲ್ಲ. ತಿರುಗಬೇಕೆಂದರೆ ಗ್ರಿಡ್ ಇಲ್ಲದಾಗಲೂ ಬ್ಯಾಟರಿಯಿಂದ ಮನೆಗೆ ವಿದ್ಯುತ್ ಕೊಡಬಲ್ಲ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ‘ಸೋಲಾರ್ ಹಾಕಿಸಿದರೆ ಪವರ್ ಕಟ್ ಇರುವುದಿಲ್ಲ’ ಎಂದು ಹೇಳಿ ಮಾರುವವರು ಈ ಎರಡು ಬಗೆಯ ವ್ಯವಸ್ಥೆಗಳನ್ನು ಬೇಕೆಂದೇ ಬೆರೆಸಿಬಿಡುತ್ತಾರೆ.

ಬ್ಯಾಟರಿಯ ನಿಜವಾದ ಬೆಲೆ

ಐದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ 1,20,000 ರೂಪಾಯಿ ಎಂದು ಹಿಡಿಯೋಣ. ಅದು ದಿನಕ್ಕೆ ನಾಲ್ಕೂವರೆ ಯೂನಿಟ್‌ನಂತೆ ಹತ್ತು ವರ್ಷ ದುಡಿದು, ವಯಸ್ಸಾದಂತೆ ಸಾಮರ್ಥ್ಯ ಕುಗ್ಗುವುದನ್ನು ಕಳೆದರೆ ಒಟ್ಟು 15,000 ಯೂನಿಟ್ ಕೊಡುತ್ತದೆ. ಎಂದರೆ ಪ್ರತಿ ಯೂನಿಟ್ಟನ್ನು ಮಧ್ಯಾಹ್ನದಿಂದ ರಾತ್ರಿಗೆ ಸಾಗಿಸಲು ಎಂಟು ರೂಪಾಯಿ ಖರ್ಚು. ಅದೇ ಯೂನಿಟ್ಟನ್ನು ರಾತ್ರಿ ಬೆಸ್ಕಾಂನಿಂದ ಕೊಂಡರೆ 6 ರೂಪಾಯಿ 70 ಪೈಸೆ. ನೆಟ್ ಮೀಟರ್ ಇರುವ ಮನೆಗೆ ಇಷ್ಟೂ ಬೀಳುವುದಿಲ್ಲ: ಮಧ್ಯಾಹ್ನ ಗ್ರಿಡ್‌ಗೆ ಕೊಟ್ಟ ಯೂನಿಟ್ ರಾತ್ರಿ ಬಳಸಿದ ಯೂನಿಟ್‌ಗೆ ಸರಿಸಮನಾಗಿ ವಜಾ ಆಗುವುದರಿಂದ, ಗ್ರಿಡ್ಡೇ ಆ ಮನೆಯ ಖರ್ಚಿಲ್ಲದ ಬ್ಯಾಟರಿ.

ಯುಪಿಎಸ್‌ಗೆ ಬಳಸುವ 150 ಎಎಚ್‌ನ ಲೆಡ್ ಆ್ಯಸಿಡ್ ಬ್ಯಾಟರಿ ಅಗ್ಗವೆಂದು ತೋರಿದರೂ ಅದರ 1.8 ಯೂನಿಟ್‌ನಲ್ಲಿ ಅರ್ಧವನ್ನಷ್ಟೇ ದಿನವೂ ಬಳಸಬಹುದು. 15,000 ರೂಪಾಯಿಗೆ ಕೊಂಡು ನಾಲ್ಕು ವರ್ಷ ಬಾಳಿದರೆ ಯೂನಿಟ್‌ಗೆ ಹನ್ನೊಂದು ರೂಪಾಯಿಯ ಮೇಲಾಗುತ್ತದೆ. ಎರಡೂ ಬಗೆಯ ಬ್ಯಾಟರಿಗಳ ಆಯುಸ್ಸನ್ನು ಶಾಖ ಕಡಿಮೆ ಮಾಡುತ್ತದೆ. ತಾರಸಿಯ ತಗಡಿನ ಕೋಣೆಯಲ್ಲಿಟ್ಟ ಬ್ಯಾಟರಿ, ಮನೆಯೊಳಗೆ ಗಾಳಿಯಾಡುವ ತಣ್ಣನೆಯ ಮೂಲೆಯಲ್ಲಿಟ್ಟದ್ದರಷ್ಟು ಕಾಲ ಬಾಳುವುದಿಲ್ಲ.

ದಿನಕ್ಕೆ ಸರಾಸರಿ ಒಂದು ಗಂಟೆ ಕರೆಂಟ್ ಹೋಗುವ ನಗರದ ಮನೆ, ಆ ಗಂಟೆಯಲ್ಲಿ ಅರ್ಧ ಯೂನಿಟ್ ಬಳಸಲೆಂದು ಮಾತ್ರ ದೊಡ್ಡ ಲಿಥಿಯಂ ಬ್ಯಾಟರಿ ಕೊಂಡರೆ, ಹತ್ತು ವರ್ಷದಲ್ಲಿ ಬಳಸುವುದು 1,825 ಯೂನಿಟ್. ಯೂನಿಟ್‌ಗೆ ಬೀಳುವ ಬೆಲೆ ಸುಮಾರು 66 ರೂಪಾಯಿ. ಈ ಕೆಲಸಕ್ಕೆ ಮನೆಯಲ್ಲಿ ಈಗಾಗಲೇ ಇರುವ ಯುಪಿಎಸ್ ಸಾಕು.

ತೋಟದ ಮನೆಗಳ ಲೆಕ್ಕ ಬೇರೆ

ಮೇಲಿನ ಲೆಕ್ಕ ತಲೆಕೆಳಗಾಗುವುದು ತೋಟದ ಮನೆಗಳಲ್ಲಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಫೀಡರ್ ಮತ್ತು ಪಂಪ್‌ಸೆಟ್ ಫೀಡರ್ ಬೇರೆಯಾದಾಗ, ಊರೊಳಗಿನವರಿಗೆ ದಿನವಿಡೀ ವಿದ್ಯುತ್ ಸಿಗುವಂತಾಯಿತು. ತೋಟದಲ್ಲಿ ಮನೆ ಮಾಡಿಕೊಂಡವರಲ್ಲಿ ಅನೇಕರು ಪಂಪ್‌ಸೆಟ್ ಫೀಡರಿನ ಮೇಲೆಯೇ ಉಳಿದರು. ಪಂಪ್‌ಸೆಟ್‌ಗೆ ಕೊಡುವ ಏಳು ಗಂಟೆಯ ತ್ರೀಫೇಸ್ ಮುಗಿದ ಮೇಲೆ ಅವರ ಪಾಲಿಗೆ ಉಳಿಯುವುದು ಅನಿಶ್ಚಿತ ಪೂರೈಕೆ. ಕೋಲಾರ, ಚಿಕ್ಕಬಳ್ಳಾಪುರದ ಹೈನುಗಾರರ ಹಾಲು ಕರೆಯುವ ಯಂತ್ರ ಓಡಬೇಕಾದದ್ದು ಮುಂಜಾನೆ ಐದಕ್ಕೆ. ಶಿಡ್ಲಘಟ್ಟದ ಕಡೆಯ ರೇಷ್ಮೆ ಹುಳು ಸಾಕಣೆ ಮನೆಗಳಲ್ಲಿ ರಾತ್ರಿಯೂ ಬೆಳಕು, ಗಾಳಿ ಬೇಕು. ಆ ಹೊತ್ತಿನಲ್ಲಿ ಬ್ಯಾಟರಿಯಿಲ್ಲದ ಫಲಕದಿಂದ ಯಾವ ಉಪಯೋಗವೂ ಇಲ್ಲ.

ಇಂಥ ಮನೆ ಬ್ಯಾಟರಿಯನ್ನು ಹೋಲಿಸಬೇಕಾದದ್ದು ಜನರೇಟರಿನ ಜೊತೆ. ಸಣ್ಣ ಜನರೇಟರ್ ಒಂದು ಲೀಟರ್ ಡೀಸೆಲ್‌ನಿಂದ ಸುಮಾರು ಮೂರು ಯೂನಿಟ್ ಕೊಡುವುದರಿಂದ, ಅದರ ವಿದ್ಯುತ್ ಯೂನಿಟ್‌ಗೆ ಮೂವತ್ತು ರೂಪಾಯಿಗೆ ಬೀಳುತ್ತದೆ. ಅದರ ಮುಂದೆ ದಿನವೂ ಪೂರ್ತಿ ಬಳಕೆಯಾಗುವ ಬ್ಯಾಟರಿಯ ಎಂಟು ರೂಪಾಯಿ, ಫಲಕದ ಖರ್ಚನ್ನು ಸೇರಿಸಿದರೂ, ಅಗ್ಗವೇ. ಪಂಪ್‌ಸೆಟ್ ಫೀಡರುಗಳಿಗೆ ಹಗಲಿನಲ್ಲೇ ಸೋಲಾರ್ ವಿದ್ಯುತ್ ಕೊಡುವ ಕುಸುಮ್-ಸಿ ಯೋಜನೆ ಗೌರಿಬಿದನೂರು ತಾಲ್ಲೂಕಿನಲ್ಲಿ 2025ರಲ್ಲಿ ಕಾರ್ಯಾರಂಭ ಮಾಡಿದೆ. ಇದರಿಂದ ರೈತರು ರಾತ್ರಿ ನೀರು ಹಾಯಿಸಲು ಎದ್ದು ಹೋಗುವುದು ತಪ್ಪಬಹುದು. ತೋಟದ ಮನೆಯ ರಾತ್ರಿಯ ಕೊರತೆಯನ್ನು ಅದು ನೀಗಿಸುವುದಿಲ್ಲ.

ಬೆಸ್ಕಾಂ ಕಡೆಯ ವಾದ

ವಿತರಣಾ ಕಂಪನಿಯ ಹಿಂಜರಿಕೆಗೂ ಕಾರಣವಿದೆ. ಪಾವಗಡದಂಥ ಪಾರ್ಕ್‌ಗಳಿಂದಾಗಿ ರಾಜ್ಯದಲ್ಲಿ ಮಧ್ಯಾಹ್ನದ ವಿದ್ಯುತ್ ಹೇರಳ, ಸಂಜೆಯ ಹೊತ್ತಿನ ವಿದ್ಯುತ್ ದುಬಾರಿ. ದೊಡ್ಡ ಸೋಲಾರ್ ಘಟಕಗಳಿಂದ ಮೂರು ರೂಪಾಯಿಯ ಆಸುಪಾಸಿನಲ್ಲಿ ಮಧ್ಯಾಹ್ನದ ವಿದ್ಯುತ್ ಸಿಗುತ್ತಿರುವಾಗ, ತಾರಸಿಯಿಂದ ಬಂದ ಯೂನಿಟ್ಟನ್ನು ಸಂಜೆಯ ಯೂನಿಟ್‌ಗೆ ಸಮವೆಂದು ವಜಾ ಮಾಡಿಕೊಡುವುದು ಕಂಪನಿಗೆ ಹೊರೆ. ಫಲಕ ಹಾಕಿಸುವವರು ಹೆಚ್ಚು ಬಳಸುವ, ಸರಿಯಾಗಿ ಬಿಲ್ಲು ಕಟ್ಟುವ ಗ್ರಾಹಕರೇ ಆಗಿರುವುದರಿಂದ ಕಂಬ, ತಂತಿ, ಟ್ರಾನ್ಸ್‌ಫಾರ್ಮರಿನ ಖರ್ಚು ಉಳಿದವರ ಮೇಲೆ ಬೀಳುತ್ತದೆ ಎಂಬುದು ಅದರ ಮುಂದುವರಿದ ವಾದ. ತಾರಸಿಯ ವಿದ್ಯುತ್ ಪಕ್ಕದ ಮನೆಯಲ್ಲೇ ಬಳಕೆಯಾಗಿ ಸಾಗಣೆಯ ನಷ್ಟ ಉಳಿಯುತ್ತದೆ ಎಂಬ ಪ್ರತಿವಾದವೂ ಸರಿಯೇ, ಆದರೆ ಆ ಉಳಿತಾಯ ಈ ಹೊರೆಯನ್ನು ಪೂರ್ತಿ ಸರಿದೂಗಿಸುವಷ್ಟು ದೊಡ್ಡದಲ್ಲ. ನಿಗದಿತ ಶುಲ್ಕ ಏರುತ್ತಿರುವುದನ್ನೂ ಯೂನಿಟ್ ದರ ತುಸು ಇಳಿದಿರುವುದನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಈ ಎರಡೂ ಬದಲಾವಣೆಗಳು ಫಲಕದ ಲಾಭವನ್ನು ಕಡಿಮೆ ಮಾಡುತ್ತವೆ.

ಮುಂದೆ ಬದಲಾಗುವುದೇನು?

ಕೇಂದ್ರ ಸರ್ಕಾರ 2023ರಲ್ಲಿ ತಿದ್ದಿದ ಗ್ರಾಹಕ ಹಕ್ಕುಗಳ ನಿಯಮಗಳು, ಹೊತ್ತಿಗೆ ತಕ್ಕ ದರವನ್ನು ಕೃಷಿಯೇತರ ಗ್ರಾಹಕರಿಗೆಲ್ಲ ಹಂತಹಂತವಾಗಿ ತರಬೇಕೆನ್ನುತ್ತವೆ. ಸೋಲಾರ್ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಕಡಿಮೆ, ಬೇಡಿಕೆ ಹೆಚ್ಚಿರುವ ಹೊತ್ತಿನದು ಹೆಚ್ಚು ಎಂಬುದು ಅದರ ತಿರುಳು. ಅದಕ್ಕೆ ಬೇಕಾದ ಸ್ಮಾರ್ಟ್ ಮೀಟರನ್ನು ಬೆಸ್ಕಾಂ 2025ರಿಂದ ಹೊಸ ಸಂಪರ್ಕಗಳಿಗೆ ಹಾಕತೊಡಗಿದೆ. ಮನೆಗಳಿಗೂ ಇಂಥ ದರ ಬಂದ ದಿನ, ಮಧ್ಯಾಹ್ನ ಗ್ರಿಡ್‌ಗೆ ಕೊಟ್ಟ ಯೂನಿಟ್ ಮತ್ತು ಸಂಜೆ ಪಡೆದ ಯೂನಿಟ್ ಸಮವಾಗಿ ಉಳಿಯಲಾರವು. ಫಲಕದ ಆದಾಯ ಸ್ವಲ್ಪ ಇಳಿದು, ಬ್ಯಾಟರಿಗೆ ಮೊದಲ ಬಾರಿಗೆ ಹಣದ ಲೆಕ್ಕದಲ್ಲಿ ಅರ್ಥ ಬರುತ್ತದೆ. ಲಿಥಿಯಂ ಬ್ಯಾಟರಿಯ ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಆದ್ದರಿಂದ 200 ಯೂನಿಟ್ಟನ್ನು ಸಾಕಷ್ಟು ಮೀರಿ ಬಳಸುವ ನಗರದ ಮನೆಗಳಿಗೆ, ಸಹಾಯಧನ ಇರುವ 2026-27ರೊಳಗೆ ಫಲಕವನ್ನಷ್ಟೇ ಹಾಕಿಸಿ, ಬ್ಯಾಟರಿಯನ್ನು ಕೆಲವು ವರ್ಷ ಮುಂದೂಡುವುದು ಸದ್ಯದ ಲೆಕ್ಕಕ್ಕೆ ಸರಿಹೊಂದುತ್ತದೆ. ಆಗ ಹೈಬ್ರಿಡ್ ಇನ್ವರ್ಟರಿಗಾಗಿ ಈಗಲೇ ಹೆಚ್ಚು ಹಣ ಕೊಡಬೇಕಾಗಿಲ್ಲ. ಇನ್ವರ್ಟರಿನ ವಾರಂಟಿ ಬಹುಮಟ್ಟಿಗೆ ಐದರಿಂದ ಹತ್ತು ವರ್ಷಕ್ಕೆ ಮುಗಿಯುವುದರಿಂದ, ಅದನ್ನು ಬದಲಿಸುವ ಸಮಯದಲ್ಲಿ ಹೈಬ್ರಿಡ್ ಮಾದರಿಯನ್ನೂ ಬ್ಯಾಟರಿಯನ್ನೂ ಒಟ್ಟಿಗೆ ಕೊಳ್ಳಬಹುದು. ಫಲಕದಿಂದ ಕೆಳಗಿಳಿಯುವ ತಂತಿಯನ್ನು ಮಾತ್ರ, ಮುಂದೆ ಬ್ಯಾಟರಿ ಇಡಲು ಜಾಗವಿರುವ ಗೋಡೆಯ ಬಳಿಗೆ ಈಗಲೇ ತರಿಸಿಕೊಳ್ಳುವುದು ಒಳ್ಳೆಯದು.